ಮುಯ್ಯಿಗೆ ಬಗ್ಗದ ಕೆಲಸ

"ಅವ್ವಾ, ಅನ್ನತ್ತಿ ಕೆಲಸಕ್ಕ ಅಷ್ಟ್ ಮಂದಿ ಬಂದಾರಲ್ಲ, ಆಕಿ ಮಾರಿ ಯಾಕ ಸಣ್ಣ ಆಗೇತಿ?"

ನೀಲಾ ಹಿತ್ತಲ ಗೋಡೆಗೆ ಗಲ್ಲ ಊರಿ ಪಕ್ಕದ ಮನೆಯನ್ನು ನೋಡುತ್ತ ಕೇಳಿದಳು. ಆರು ವರ್ಷದ ಹುಡುಗಿ, ಉತ್ತರ ಸಿಗುವವರೆಗೆ ಸೆರಗು ಬಿಡುವವಳಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. "ತಲಿ ನೋವು ಇರಬೇಕು. ನೀ ಕೆಳಗ ಇಳಿ" ಎಂದೆ.

"ತಲಿ ನೋವಾದ್ರ ಎಲ್ಲಾರಿಗೂ ಚಾ ಯಾಕ ಕೊಡತಾಳ?"

ಅದರ ಉತ್ತರ ಆರು ವರ್ಷದವಳಿಗೆ ಹೇಳುವಂಥದ್ದಾಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಅನ್ನವ್ವ ನಮ್ಮ ಪಕ್ಕದ ಮನೆಯ ರೇವವ್ವ ಅತ್ತಿಯ ಹಿರಿ ಮಗಳು. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಅಣ್ಣಿಗೇರಿಯ ಸಾಲೆಯಲ್ಲಿ ಗಣಿತದಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲವಂತೆ. ಧಾರವಾಡದ ಕಾಲೇಜಿಗೆ ಕಳಿಸುವಾಗ ಓಣಿಯ ಹಿರಿಯರು ಆಕೆಯ ಅಪ್ಪನನ್ನು ಕಟ್ಟೆಗೆ ಕರೆದು, "ಹೆಣ್ಣು ಹುಡುಗಿಗೆ ಅಷ್ಟ್ ಲೆಕ್ಕ ಕಲಿಸಿ ಏನ್ ಮಾಡತೀಯೋ?" ಎಂದು ಕೇಳಿದ್ದರಂತೆ. "ನನ್ನ ಲೆಕ್ಕ ತಪ್ಪಿದ್ರ ಹೇಳಾಕ ಮನ್ಯಾಗ ಒಬ್ಬರು ಬೇಕಲ್ರಿ" ಎಂದು ನಕ್ಕು ಎದ್ದು ಬಂದನಂತೆ ಆ ಪುಣ್ಯಾತ್ಮ. ಈಗ ಆತನಿಲ್ಲ. ಅನ್ನಕ್ಕ ಸೋದರಮಾವನ ಮನೆಯೆಂದು ಪುಣೆಗೆ ಹೋದವಳು ಅಲ್ಲಿಯ ಒಂದು ಕಂಪನಿಯ ಪರೀಕ್ಷೆಗೆ ಕುಳಿತು ಆರಿಸಿ ಬಂದು, ಅವರ ಕಂಪ್ಯೂಟರ್ ವಿಭಾಗದಲ್ಲೇ ನಿಂತುಬಿಟ್ಟಳು. ಮದುವೆ ಆಗಲಿಲ್ಲ. ಅದರ ಬಗ್ಗೆ ಕೇಳುವವರು ಈಗ ಕೇಳಿ ಕೇಳಿ ದಣಿದಿದ್ದಾರೆ.

ಆಕೆಯ ಕೆಲಸದ ಬಗ್ಗೆ ಊರಲ್ಲಿ ತಲೆಗೊಂದು ಮಾತು. ಟೈಪು ಹೊಡೆಯುತ್ತಾಳೆ ಎನ್ನುವವರಿದ್ದಾರೆ, ದೊಡ್ಡ ರೇಡಿಯೋ ರಿಪೇರಿ ಮಾಡುತ್ತಾಳೆ ಎನ್ನುವವರೂ ಇದ್ದಾರೆ. ರೇವವ್ವ ಅತ್ತಿಯಂತೂ "ನನ್ನ ಮಗಳು ಯಂತ್ರಕ್ಕ ಸಾಲಿ ಕಲಸತಾಳ" ಎಂದು ಹೇಳಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಿಜಕ್ಕೆ ಹತ್ತಿರವಿರುವುದು ಅತ್ತಿಯ ಮಾತೇ. ಯಂತ್ರ ಏನು ಮಾಡಬೇಕು, ಯಾವುದರ ಹಿಂದೆ ಯಾವುದನ್ನು ಮಾಡಬೇಕು ಎಂಬುದನ್ನು ಅನ್ನಕ್ಕ ಗೆರೆ ಹಾಕಿದ ಹಾಳೆಗಳ ಮೇಲೆ ಸಾಲು ಸಾಲಾಗಿ ಬರೆಯುತ್ತಾಳೆ. ಬೇರೆ ಕೋಣೆಯಲ್ಲಿ ಹುಡುಗಿಯರು ಒಂದೊಂದು ಸಾಲಿಗೆ ಒಂದೊಂದು ದಪ್ಪ ಕಾರ್ಡಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡುಗಳ ಕಟ್ಟನ್ನು ಯಂತ್ರ ಓದುತ್ತದೆ. ಯಂತ್ರದ ಕೋಣೆ ಏಪ್ರಿಲ್‌ನಲ್ಲೂ ಎಷ್ಟು ತಂಪೆಂದರೆ ಆಕೆ ಇಳಕಲ್ಲ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಹೋಗುತ್ತಾಳಂತೆ.

"ಅದು ಭಾಳ ಶಾಣ್ಯಾ ಇರಬೇಕಲ್ಲಕ್ಕಾ?" ಎಂದು ಮೊದಲ ಸಲ ಕೇಳಿದ್ದೆ.

"ಶಾಣ್ಯಾ ಎಲ್ಲೀದು! ಹೊಸಾ ಸೊಸಿ ಇದ್ದಂಗ. ಉಪ್ಪು ಹಾಕು ಅಂದ್ರ ಹಾಕತೈತಿ. ಸಾಕು ಅನ್ನೂದು ಮರತ್ರ ಚೀಲ ಖಾಲಿ ಆಗೂತನಕ ಹಾಕತೈತಿ."

"ನಾನೂ ಹೊಸದಾಗಿ ಬಂದಾಗ ಹಂಗ ಮಾಡಿದ್ನಕ್ಕಾ. ಹೇಳಿದಷ್ಟ ಮಾಡೂದು ಅಂದ್ರ ಅದೂ ಒಂದ್ ನಮೂನಿ ಸೇಡು."

ಆಕೆ ನಗುತ್ತ ನಗುತ್ತ ಕೆಮ್ಮಿದಳು. ಅಂದಿನಿಂದ ನಮ್ಮಿಬ್ಬರಿಗೆ ಸಲಿಗೆ.

ಈ ಸಲ ಆಕೆ ಬಂದದ್ದು ಹಬ್ಬಕ್ಕಲ್ಲ. ರೇವವ್ವ ಅತ್ತಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಅನ್ನಕ್ಕನ ತಮ್ಮ ಈರಪ್ಪ ಪುಣೆಗೆ ತಾರು ಕೊಟ್ಟ. ಅನ್ನಕ್ಕ ಗದಗಿನ ಕಡೆ ಹೋಗುವ ಗಾಡಿಯಿಂದ ನಮ್ಮ ಸ್ಟೇಶನ್ನಿನಲ್ಲಿ ಇಳಿದಾಗ ಒಂದು ಕೈಯಲ್ಲಿ ಅರಿವೆಯ ಚೀಲ, ಇನ್ನೊಂದು ಕೈಯಲ್ಲಿ ಎದೆಗವಚಿಕೊಂಡ ಹಾಳೆಗಳ ಗಂಟು. ಗಂಟನ್ನು ಕೂಲಿಯವನಿಗೆ ಕೊಡಲಿಲ್ಲ, ಈರಪ್ಪನಿಗೂ ಕೊಡಲಿಲ್ಲ.

ಆ ಗಂಟಿನಲ್ಲಿ ಏನಿತ್ತೆಂಬುದನ್ನು ಮರುದಿನ ಸಂಜೆ ಅಕ್ಕಿ ಆರಿಸುತ್ತ ಹೇಳಿದಳು. ನಾನು ನನ್ನ ಎಳೆಗೂಸಿಗೆ ಹಾಲು ಕುಡಿಸುತ್ತ ಕೇಳುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಒಂದು ಸಕ್ಕರೆ ಕಾರ್ಖಾನೆಯ ಕೆಲಸ ಬಂದಿತ್ತಂತೆ. ಯಾರ ಗಾಡಿ ಬಂತು, ಎಷ್ಟು ಕಬ್ಬು ತಂದಿತು, ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ. ಮೂರೇ ಜನ ಕುಳಿತು ಹೇಳಿದ ದಿನಕ್ಕಿಂತ ಮೊದಲೇ ಮುಗಿಸಿದರು. ಕಂಪನಿಗೆ ಹೆಸರು ಬಂತು. ಮುಂದೆ ಹತ್ತಾರು ಕಾರ್ಖಾನೆಗಳು ಕೂಡಿ, ನಮಗೆಲ್ಲ ಸೇರಿಸಿ ಒಂದೇ ಮಾಡಿಕೊಡಿ ಎಂದವು. ಕಬ್ಬಿನ ಲೆಕ್ಕ, ಕೂಲಿ, ಉಗ್ರಾಣ, ಲಾರಿ ಎಲ್ಲ ಸೇರಿ ಒಂದೇ ಕೆಲಸ. ಸಾಹೇಬರು ಖುಷಿಯಿಂದ ನಲವತ್ತು ಜನರನ್ನು ಕೂಡಿಸಿದರು.

"ಹಂಗಾದ್ರ ಜಲ್ದಿ ಆಗಬೇಕಲ್ಲ?" ಎಂದೆ.

"ಎಲ್ಲಾರೂ ಹಂಗ ತಿಳದ್ರು. ಮೂರ್ ಮಂದಿ ಇದ್ದಾಗ ಒಬ್ಬೊಬ್ಬರು ತಿಂಗಳಿಗೆ ಎಷ್ಟು ಬರೀತಿದ್ವಿ, ಈಗ ಅದರಾಗ ಮೂರರಾಗ ಒಂದ್ ಪಾಲೂ ಬರಿಯಂಗಿಲ್ಲ. ಮಂದಿ ಆಳಸಿ ಅಲ್ಲ ತಂಗಿ. ನನಗಿಂತ ಚುರುಕಿನವರು ಅದಾರ."

"ಮತ್ತ?"

"ದಿನಾ ಪೂರ್ತಿ ಮಾತ. ಇವಂದು ಅವಗ ಹೇಳೂದು, ಅವಂದು ಇವಗ ಹೇಳೂದು. ಇವ ಒಂದ್ ಸಾಲು ಬದಲ ಮಾಡಿದ್ರ ಅಲ್ಲೆ ಆರ್ ಮಂದಿದು ಕೆಡತೈತಿ."

ನಾನು ಯೋಚಿಸಿದೆ. ನನ್ನ ತವರು ದುಮ್ಮವಾಡದಲ್ಲಿ ನಮ್ಮ ಅವ್ವ, ಚಿಗವ್ವ ಇಬ್ಬರೇ ಸೊಸೆಯಂದಿರಿದ್ದಾಗ ಜಗಳವೆಂದರೆ ಒಂದೇ ಜಗಳ. ಮತ್ತಿಬ್ಬರು ಬಂದರು. ಸೊಸೆಯಂದಿರು ಎರಡರಷ್ಟಾದರು, ಜಗಳ ಎರಡರಷ್ಟಾಗಬೇಕಿತ್ತು. ಬೆರಳು ಮಡಚಿ ಎಣಿಸಿದೆ. ಆರು ಜೋಡಿ.

"ಆರಕ್ಕಾ! ನಾಕ್ ಮಂದಿ ಸೊಸ್ತ್ಯಾರಿಗೆ ಆರ್ ಜಗಳ."

"ನೋಡು! ಇದನ್ನ ಸಾಹೇಬ್ರಿಗೆ ಹೇಳಾಕ ನಾ ಹಲಗಿ ತುಂಬ ಗೆರಿ ಕೊರದೀನಿ. ಸೊಸ್ತ್ಯಾರು ಅಂದಿದ್ರ ಮುಗೀತಿತ್ತು. ಅವರ ಮನ್ಯಾಗೂ ಮೂವರದಾರ."

ಮತ್ತೊಂದು ಮಾತನ್ನೂ ಹೇಳಿದಳು. ಮೊದಲು ಯಂತ್ರಕ್ಕೆ ಅದರದ್ದೇ ಒರಟು ಭಾಷೆಯಲ್ಲಿ ಬರೆಯಬೇಕಿತ್ತು. ಈಗ ಸಾಧಾರಣ ಇಂಗ್ಲಿಷಿನಂಥ ಮಾತಿನಲ್ಲಿ ಬರೆದರೂ ತಿಳಿಯುತ್ತದೆ, ಒಂದು ಸಾಲು ಹತ್ತು ಸಾಲಿನ ಕೆಲಸ ಮಾಡುತ್ತದೆ. ಹಾಗಾದರೆ ಬಿಡುವು ಸಿಗಬೇಕಲ್ಲ? ಸಿಗಲಿಲ್ಲ. ಕೆಲಸ ಹಗುರಾಯಿತೆಂದು ತಿಳಿದೊಡನೆ ಜನ ಇನ್ನೂ ದೊಡ್ಡ ಕೆಲಸ ತಂದರು. ಇದು ನನಗೆ ಹೊಸದೆನಿಸಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುವುದು ತಪ್ಪಿತು, ಇನ್ನು ಮಧ್ಯಾಹ್ನ ಅಡ್ಡಾಗಬಹುದು ಎಂದು ನಮ್ಮ ಅತ್ತೆ ಹೇಳುತ್ತಿದ್ದರಂತೆ. ಗಿರಣಿ ಬಂದ ವರ್ಷದಿಂದ ಮಾವನವರು ಪ್ರತಿ ಸೋಮವಾರ ಮಠದ ಹತ್ತು ಜನರನ್ನು ಊಟಕ್ಕೆ ಕರೆಯತೊಡಗಿದರು. ಹಿಟ್ಟು ಸಲೀಸಾಗಿ ಸಿಗುತ್ತದಲ್ಲ!

ಈಗ ಮುಖ್ಯ ಸಂಗತಿ. ಪುಣೆಯ ಕೆಲಸ ಹಿಂದೆ ಬಿದ್ದಿದೆಯೆಂದು ಸಾಹೇಬರು ಇನ್ನೂ ಇಪ್ಪತ್ತು ಜನರನ್ನು ತರಲು ಹೊರಟಿದ್ದಾರೆ. ಅನ್ನಕ್ಕ ಎದ್ದು ನಿಂತು, ಬೇಡ ಎಂದಳು. ಕೆಲಸವನ್ನು ತುಂಡು ಮಾಡಿ, ಒಂದೊಂದು ತುಂಡು ಮೂರು ನಾಲ್ಕು ಜನಕ್ಕೆ ಕೊಡಿ, ಅವರು ಒಳಗೊಳಗೇ ಮಾತಾಡಿಕೊಳ್ಳಲಿ, ಹೊರಗಿನವರಿಗೆ ಬೇಕಾದ್ದು ನಾಲ್ಕೇ ಮಾತು ಇರಲಿ ಎಂದಳು. ಸಾಹೇಬರು, "ಮಾಡಿ ತೋರಿಸಿರಿ" ಎಂದರು. ಕಬ್ಬಿನ ತೂಕದ ತುಂಡು ಆಕೆಯ ಪಾಲಿಗೆ ಬಂತು, ಜೊತೆಗೆ ಇಬ್ಬರು. ಫೆಬ್ರವರಿ ಕೊನೆಗೆ ಯಂತ್ರದ ಮೇಲೆ ಅವರಿಗೆ ಒಂದು ಸರದಿ. ಆ ಸರದಿಯಲ್ಲಿ ತಪ್ಪಿಲ್ಲದೆ ನಡೆದರೆ ಇಡೀ ಕೆಲಸ ಆಕೆ ಹೇಳಿದಂತೆ ಒಡೆಯುತ್ತಾರೆ, ಆಕೆ ಅದರ ಮುಖ್ಯಸ್ಥೆಯಾಗುತ್ತಾಳೆ. ನಡೆಯದಿದ್ದರೆ ಆ ಇಪ್ಪತ್ತು ಜನ ಬರುತ್ತಾರೆ, ಆಕೆ ಅರುವತ್ತರಲ್ಲಿ ಒಬ್ಬಳಾಗಿ ಕೂರುತ್ತಾಳೆ. ಬರೆಯುವುದು ಮುಗಿದಿದೆ. ಉಳಿದದ್ದು ಓದುವುದು. ತಾನೇ ಯಂತ್ರವೆಂದು ಭಾವಿಸಿ ಮೊದಲ ಸಾಲಿನಿಂದ ಕೊನೆಯವರೆಗೆ ನಡೆದು, ಎಲ್ಲಿ ಕಾಲು ಎಡವುತ್ತದೆ ನೋಡಬೇಕು.

"ಆಗತೈತೇನಕ್ಕಾ?"

"ಆಗಾಕ ಏನಾಗೇತಿ? ಅವ್ವನ ಕೈ ನೋಡಕೋತ, ನಮ್ಮ ಪಡಸಾಲ್ಯಾಗ ಕುಂತು, ಸಾವಕಾಶ ಓದಿದ್ರೂ ಮುಗಿತೈತಿ. ಒಬ್ಬಾಕಿನ ಇರಬೇಕಷ್ಟ."

ಒಬ್ಬಳೇ ಇರುವುದು! ಅಣ್ಣಿಗೇರಿಯಲ್ಲಿ! ಪುಣೆಯಲ್ಲಿ ಇದ್ದು ಇದ್ದು ಅಕ್ಕ ನಮ್ಮೂರನ್ನು ಮರೆತಿದ್ದಳು.

ಈರಪ್ಪ ಒಳ್ಳೆಯ ಹುಡುಗ. ಅಕ್ಕ ಬೆಳಗಿನಿಂದ ಸಂಜೆಯವರೆಗೆ ತಲೆ ಎತ್ತದೆ ಕೂರುವುದನ್ನು ಕಂಡು ಅವನಿಗೆ ಸಂಕಟವಾಯಿತು. ಕಟ್ಟೆಗೆ ಹೋಗಿ, "ನಮ್ಮಕ್ಕನ ಕೆಲಸ ಗುಡ್ಡದಷ್ಟು ಐತಿ, ತಿಂಗಳ ಕೊನಿಗೆ ಮುಗೀಬೇಕಂತ" ಎಂದು ಹೇಳಿಬಿಟ್ಟ. ನಮ್ಮಲ್ಲಿ ಮುಯ್ಯಾಳು ಎಂದರೆ ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೂಲಿಯಿಲ್ಲ, ಊಟವಷ್ಟೇ. ಕರೆದರೆ ಹೋಗಬೇಕು, ಕರೆಯದೆಯೂ ಹೋಗುವುದು ದೊಡ್ಡಸ್ತನ. ಬಂದ ಆಳನ್ನು ಬಾಗಿಲಿನಿಂದ ತಿರುಗಿಸಿದರೆ ಮುಂದಿನ ಸುಗ್ಗಿಗೆ ಆ ಮನೆಯ ಹೊಲದಲ್ಲಿ ಒಂದು ನರಪಿಳ್ಳೆಯೂ ಕಾಲಿಡುವುದಿಲ್ಲ. ಅನ್ನಕ್ಕ ಪುಣೆಗೆ ಹೋಗಿಬಿಡುತ್ತಾಳೆ, ಈರಪ್ಪ ಇಲ್ಲೇ ಬಾಳಬೇಕು.

ಸೋಮವಾರ ಬೆಳಿಗ್ಗೆ ಏಳೆಂಟು ಜನ ಕಿಸೆಯಲ್ಲಿ ಪೆನ್ನು ಸಿಗಿಸಿಕೊಂಡು ಬಂದರು. ಮುಂದೆ ಶಂಭುಲಿಂಗಪ್ಪ ಮಾಸ್ತರರು, ಅನ್ನಕ್ಕನಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಈಗ ನಿವೃತ್ತರು. ಅವರ ಹಿಂದೆ ದಲಾಲಿ ಅಂಗಡಿಯ ಗುಮಾಸ್ತ ಗಂಗಪ್ಪ, ಬಾಲವಾಡಿಯ ಟೀಚರ್ ಹಸೀನಾಬಿ, ಇನ್ನುಳಿದವರು ನಾಲ್ಕಕ್ಷರ ಇಂಗ್ಲಿಷು ಬಲ್ಲವರು.

"ಏನವಾ ಅನ್ನವ್ವ, ಒಬ್ಬಾಕಿನ ಒದ್ದಾಡಾಕತ್ತೀಯಂತ. ಊರು ಸತ್ತೈತೇನು?" ಎಂದರು ಮಾಸ್ತರರು.

"ಇಲ್ರಿ ಸರ, ಇದು ಹಂಗಲ್ರಿ—"

"ಹಂಗಿಲ್ಲ ಹಿಂಗಿಲ್ಲ. ಹಾಳಿ ಹಂಚು. ನಿನಗ ಬೀಜಗಣಿತ ಕಲಿಸಿದಾವ ನಾ. ಇದೇನ್ ದೊಡ್ಡ ಮಾತು?"

ಒಳಗಿನಿಂದ ರೇವವ್ವ ಅತ್ತಿ ಕೊರಳಿಗೆ ಕೈ ಕಟ್ಟಿಕೊಂಡೇ ಬಂದು, "ಬರ್ರೀ, ಕುಂದರ್ರೀ, ನನ್ನ ಮಗಳ ಪುಣ್ಯ" ಎಂದು ಕಣ್ಣು ಒರೆಸಿಕೊಂಡಳು. ಇನ್ನು ಯಾವ ಮಗಳು ಬೇಡ ಎಂದಾಳು? ಅನ್ನಕ್ಕ ಹಾಳೆ ಹಂಚಿದಳು. ನೀಲಾ ಗೋಡೆಯ ಮೇಲಿಂದ ಕಂಡದ್ದು ಆ ಹೊತ್ತಿನ ಮುಖ.

ಸ್ವಲ್ಪ ಹೊತ್ತಿಗೆ ನಾನೂ ಕೂಸನ್ನು ಸೊಂಟಕ್ಕೇರಿಸಿಕೊಂಡು ಚಾ ಮಾಡಲು ಹೋದೆ. ಪಡಸಾಲೆ ಸಂತೆಯಾಗಿತ್ತು.

"ಅನ್ನವ್ವಾ, ಇಲ್ಲೆ ಹಿಂದಿನ ಒಂದ್ ಸಾಲಿಗೆ ಹೋಗು ಅಂತ ಬರದೀಯಲ್ಲ? ಆ ಸಾಲು ನನ್ನ ಹತ್ರ ಇಲ್ಲವಾ, ಮಾಸ್ತರ ಕಡೆ ಐತಿ. ನಾ ಹ್ಯಾಂಗ ಹೋಗ್ಲಿ?" ಎಂದಳು ಹಸೀನಾಬಿ.

"ಎದ್ದು ನನ್ನ ಕಡೆ ಬಾ ಟೀಚರ್, ಬ್ಯಾಡ ಅಂದಾರ್ಯಾರು?"

"ನಾ ಬಂದೇನ್ರಿ. ನಿಮ್ಮ ಸಾಲು ಮತ್ತ ಗಂಗಪ್ಪನ ಕಡೆ ಹೋಗು ಅಂತೈತಿ!"

ಎಲ್ಲರೂ ಎದ್ದು ಎಲ್ಲರ ಕಡೆ ಹೋಗತೊಡಗಿದರು. ಒಬ್ಬನಿಗೆ ಹೇಳಿದ್ದನ್ನೇ ಅನ್ನಕ್ಕ ಇನ್ನೊಬ್ಬನಿಗೆ ಹೇಳಿದಳು, ಮೂರನೆಯವನು ಅದನ್ನೇ ತಪ್ಪು ತಿಳಿದು ನಾಲ್ಕನೆಯವನಿಗೆ ಕಲಿಸಿದ. ಆಕೆಯ ಮುಂದಿನ ಹಾಳೆ ಬೆಳಿಗ್ಗೆ ತೆರೆದದ್ದು ತೆರೆದ ಹಾಗೇ ಇತ್ತು.

ಊಟದ ಹೊತ್ತಿಗೆ ಗಂಗಪ್ಪ ಎಲ್ಲರಿಗಿಂತ ಮೊದಲು ತನ್ನ ಪಾಲು ತಂದೊಪ್ಪಿಸಿದ. "ನಂದು ಮುಗೀತವಾ. ಒಂದ ಮಾತು ಎರಡೆರಡು ಸಲ ಬರದಿದ್ದಿ, ಹೊಡದ್ ಹಾಕೀನಿ. ನಮ್ಮ ಅಂಗಡ್ಯಾಗ ಹಂಗ ಬರದ್ರ ಸಾವಕಾರ ಕಿವಿ ಹಿಂಡತಾನ."

ಅನ್ನಕ್ಕ ನೋಡಿದಳು. ಶಾಯಿಯಿಂದ ನೀಟಾಗಿ, ಸ್ಕೇಲು ಇಟ್ಟು ಹೊಡೆದಿದ್ದ.

"ಗಂಗಪ್ಪಣ್ಣ, ನಿಮ್ಮ ಪ್ಯಾಟ್ಯಾಗ ಗಾಡಿ ಬಂದ್ರ ಎಷ್ಟ್ ಸಲ ತೂಗತೀರಿ?"

"ಎರಡ್ ಸಲ. ತುಂಬಿದ್ದು ಒಮ್ಮಿ, ಖಾಲೀದು ಒಮ್ಮಿ."

"ನೀ ಹೊಡದ್ ಹಾಕಿದ್ದು ಖಾಲಿ ಗಾಡಿ."

ಗಂಗಪ್ಪ ಬಾಯಿ ತೆರೆದ. ಹಸೀನಾಬಿ ಸೆರಗು ಬಾಯಿಗೆ ಒತ್ತಿಕೊಂಡು, "ಅಲ್ಲೋ ಗಂಗಪ್ಪಾ, ಕಾರ್ಖಾನ್ಯಾಗ ಕಬ್ಬಿನ ಕೂಡ ಗಾಡೀನೂ ಅರದು ಸಕ್ರಿ ತಗೀತಿದ್ರಲ್ಲೋ!" ಎಂದಳು. ಎಲ್ಲರೂ ನಕ್ಕರು, ಗಂಗಪ್ಪನೇ ಜೋರಾಗಿ ನಕ್ಕ. ಅನ್ನಕ್ಕನೂ ನಕ್ಕಳು. ಆದರೆ ಅವನು ಮುಟ್ಟಿದ ಹಾಳೆಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಒಂದು ದಿನ ಕೈಬಿಟ್ಟು ಹೋಯಿತು, ನಾಳೆಯದೂ ಹೋಗುವ ಹಾಗಿತ್ತು.

ಸಂಜೆ ಅವರೆಲ್ಲ ಹೋದ ಮೇಲೆ ನಾನು ಚಾದ ಲೋಟ ತೊಳೆಯುತ್ತ, "ಅಕ್ಕಾ, ನಮ್ಮ ಮನಿ ಅಟ್ಟದ ಮ್ಯಾಲೆ ಬಂದು ಕುಂದ್ರು" ಎಂದೆ.

"ಓಡಿ ಹೋದ್ರ ಈರಪ್ಪಗ ತ್ರಾಸು. ಇವರು ಮುಯ್ಯಿ ಕೊಡಾಕ ಬಂದಾರ, ನಾ ತಗೋಬೇಕು. ಎಲ್ಲಿ ತಗೋಬೇಕು ಅನ್ನೂದು ನನಗ ಬಿಟ್ಟದ್ದು."

ಮರುದಿನ ಎಲ್ಲರೂ ಬಂದೊಡನೆ ಆಕೆ ಬಾಗಿಲಲ್ಲೇ ನಿಂತು ಕೈಮುಗಿದಳು. "ಸರ, ನಮ್ಮ ಹೊಲದಾಗ ಕಡ್ಲಿ ಒಣಗಿ ನಿಂತೈತ್ರಿ. ಅವ್ವನ ಕೈ ಹಿಂಗ. ಈರಪ್ಪ ಒಬ್ಬಾವ ಕೀಳೂತನಕ ಕಾಯಿ ಉದುರತಾವ. ನನಗ ಅದರದ ಚಿಂತಿ, ಚಿಂತ್ಯಾಗ ಓದಾಕ ಆಗವಲ್ದು. ನಿಮ್ಮ ಮುಯ್ಯಿ ಅಲ್ಲೆ ಕೊಟ್ರ ನನಗ ಇಲ್ಲಿ ಕೊಟ್ಟಂಗ."

ಸುಳ್ಳಲ್ಲ. ಕಡಲೆ ನಿಜಕ್ಕೂ ಒಣಗಿತ್ತು.

ಮಾಸ್ತರರು ಪೆನ್ನನ್ನು ಕಿಸೆಗೆ ಸಿಗಿಸಿಕೊಂಡರು. "ಬೀಜಗಣಿತದ ಮಾಸ್ತರನ್ನ ಕಡ್ಲಿ ಕೀಳಾಕ ಹಚ್ಚತೀ ಅಂದ್ರ ನೀ ಖರೇನ ದೊಡ್ಡಾಕಿ ಆಗೀ ಬಿಡು. ಏ ಗಂಗಪ್ಪ, ನಾಳೆ ಕೋಳಿ ಕೂಗೂದ್ರಾಗ ಹೋಗೂಣು. ಬಿಸಲೇರಿದ್ರ ಕಾಯಿ ಸಿಡೀತಾವ."

ಹೋದರು. ಹೊಲದಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಇಬ್ಬನಿ ಆರುವ ಮೊದಲೇ ಕಿತ್ತು ಕುಪ್ಪೆ ಹಾಕುತ್ತ ಮುಂದೆ ಸರಿದರಂತೆ. ಎಂಟು ಜನ ಹೋದರೆ ಎಂಟು ಜನರ ಕೆಲಸ, ಹನ್ನೆರಡು ಜನ ಹೋದರೆ ಹನ್ನೆರಡು ಜನರ ಕೆಲಸ. ಕಡಲೆಯ ಗಿಡಕ್ಕೆ ಬಾಜುವಿನ ಗಿಡದ ಸುದ್ದಿ ಬೇಕಿಲ್ಲವಲ್ಲ. ಇತ್ತ ಅನ್ನಕ್ಕ ಪಡಸಾಲೆಯಲ್ಲಿ ಒಬ್ಬಳೇ ಕುಳಿತು, ತುಟಿ ಅಲುಗಿಸುತ್ತ, ಬೆರಳಿನಿಂದ ಸಾಲು ಹಿಡಿದು ಓದಿದಳು. ನಾನು ರೊಟ್ಟಿಬುತ್ತಿ ಕಟ್ಟಿ ಹೊಲಕ್ಕೆ ಕಳಿಸಿದೆ, ಅತ್ತಿಗೆ ತಲೆ ಬಾಚಿದೆ. ಮಧ್ಯಾಹ್ನ ಇಣುಕಿದಾಗ ಆಕೆಯ ಮುಖ ನೋಡಬೇಕಿತ್ತು, ಸೊಪ್ಪು ತಿಂದ ಆಡಿನ ಹಾಗೆ ತೃಪ್ತಿ.

"ಎರಡ್ ತಪ್ಪು ಸಿಕ್ಕೂ ತಂಗೀ! ಒಂದ್ ನಂದು, ಒಂದ್ ನನ್ನ ಜೋಡಿದವಂದು. ಯಂತ್ರದ ಮುಂದ ಸಿಕ್ಕಿದ್ರ ಮಾರಿ ಕೆಂಪಾಗತಿತ್ತು."

"ಇನ್ನ ಎಷ್ಟೈತಿ?"

"ಅರ್ಧಕ್ಕಿಂತ ಕಡಿಮಿ. ಹಿಂಗ ಬಿಟ್ರ ಮುಗದ ಹೋಗತೈತಿ."

ಹೀಗೇ ಬಿಡಬೇಕಲ್ಲ. ಈರಪ್ಪ ಒಬ್ಬನೇ ಆಗಿದ್ದರೆ ವಾರ ಹಿಡಿಯುತ್ತಿದ್ದ ಹೊಲವನ್ನು ಅಷ್ಟೊಂದು ಜನ ಕೂಡಿ ಎರಡು ಬೆಳಗಿನಲ್ಲಿ ಬಯಲು ಮಾಡಿಬಿಟ್ಟರು. ನಿನ್ನೆ ಮಧ್ಯಾಹ್ನ ಮಾಸ್ತರರು ಹೊಲದಿಂದ ಬರುತ್ತ ನಮ್ಮ ಮನೆಯ ಮುಂದೆ ಹಾಯುವಾಗ ಕೈ ತುಂಬ ಕಡಲೆ ಗಿಡದ ಹುಳಿ ಹತ್ತಿತ್ತು, ಮುಖ ಅರಳಿತ್ತು. "ಹೊಲಾ ಆತವಾ! ಕಾಳಜಿ ತೀರಿತು. ನಾಳೆಯಿಂದ ಎಲ್ಲಾರೂ ಅನ್ನವ್ವನ ಹಾಳಿಗೆ. ಈ ಸಲ ಇನ್ನೂ ನಾಕ್ ಮಂದಿ ಕರಕೊಂಡ್ ಬರತೀನಿ, ತಡಾ ಯಾಕ?" ಎಂದರು. ನನ್ನ ಯಜಮಾನರು ಕಟ್ಟೆಯ ಮೇಲಿಂದ, "ಬರ್ರಿ ಬರ್ರಿ, ನಾನೂ ಒಂದ್ ಕೈ ಹಚ್ಚತೀನಿ" ಎಂದರು! ನಾನು ಒಳಗಿನಿಂದ ಕಣ್ಣು ಬಿಟ್ಟರೂ ಅವರಿಗೆ ತಿಳಿಯಲಿಲ್ಲ.

ಇಂದು ಬೆಳಿಗ್ಗೆ ನಾನು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅನ್ನಕ್ಕ ಹಿತ್ತಲ ಬಾಗಿಲಿನಿಂದ ಬಂದು ಒಲೆಯ ಮುಂದೆ ಕುಕ್ಕರಿಸಿದಳು. ಗಾಬರಿಯಿರಲಿಲ್ಲ. ತಲೆ ಬಾಚಿ, ಹೂ ಮುಡಿದು, ಪೆನ್ನಿಗೆ ಶಾಯಿ ತುಂಬಿಕೊಂಡೇ ಬಂದಿದ್ದಳು.

"ಮಾಸ್ತರ ಮಂದಿ ಅಗಸಿ ದಾಟಿ ಬರಾಕತ್ತಾರ. ನಿಮ್ಮ ಯಜಮಾನ್ರೂ ಅವರ ಕೂಡ ಅದಾರ."

"ಅವರ ಕಾಲಿಗೆ ನಾ ಹಗ್ಗ ಹಾಕತೀನಿ, ಉಳದವರನ್ನ ಏನ್ ಮಾಡತೀ? ಈಗ ಕಡ್ಲಿನೂ ಇಲ್ಲ."

"ಕೆಲಸದ ಬಗ್ಗೆ ನನಗ ಸಂಶಯ ಇಲ್ಲ. ಗಾಡಿ ಹತ್ತೂದ್ರಾಗ ಕೊನೀ ಸಾಲೂ ಓದಿರತೀನಿ, ಪುಣೇಕ್ಕ ಹೋಗಿ ಸಾಹೇಬ್ರ ಮುಂದ ಕಾರ್ಡಿನ ಕಟ್ಟು ಇಡತೀನಿ, ಅದು ನಡೀತೈತಿ. ಆದ್ರ ಇವರಿಗೆ ಬ್ಯಾಡ ಅನ್ನಾಕ ನನಗ ಬಾಯಿಲ್ಲ."

ಕೂಸು ಎಣ್ಣೆಗೈಯಿಂದ ಆಕೆಯ ಬೆರಳು ಹಿಡಿಯಿತು. ಆಕೆ ಬಿಡಿಸಿಕೊಳ್ಳಲಿಲ್ಲ.

"ಇವ ದಿನಾ ಎಷ್ಟೊತ್ತು ಮಲಗತಾನ?"

"ನೀರ್ ಹಾಕಿದ್ರ ಮಧ್ಯಾಹ್ನದ ತನಕ. ಉಂಡ ಮ್ಯಾಲೆ ಮತ್ತ ಸಂಜಿತನಕ. ಯಾಕಕ್ಕಾ?"

"ತಂಗೀ, ಒಂದ್ ಉಪಕಾರ ಮಾಡು. ನಿನ್ನ ತೊಟ್ಟಲಾ ತಂದು ನಮ್ಮ ಪಡಸಾಲ್ಯಾಗ, ಬಾಗಲದಾಗ ಕಾಣೂ ಹಂಗ ಕಟ್ಟು. ಇನ್ನ ಉಳದ ದಿನಾ ಇವ ಅಲ್ಲೆ ಮಲಗಲಿ, ನೀ ಹೊಸ್ತಲ ಮ್ಯಾಲೆ ಕುಂತು ಹೊಲಗಿ ಹಾಕು. ನಾ ಬ್ಯಾಡ ಅನ್ನೂದೂ ಬೇಕಾಗೂದಿಲ್ಲ, ಅವರ ಬಾಗಲದಿಂದ ತಿರಗತಾರ. ಮಲಗಿದ ಕೂಸಿನ ಮುಂದ ಈ ಊರಾಗ ಯಾವ ಮಾಸ್ತರೂ ಬಾಯಿ ಬಿಡೂದಿಲ್ಲ."